ಅಂಗಾಲಿನ ವರದಿ

ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ ಕೂಡಲೇ ಅಜ್ಜಿಯ ಎಡಗೈ ತಾನಾಗಿ ಬಚ್ಚಲ ಗೋಡೆಯನ್ನು ಹುಡುಕುತ್ತದೆ. ಎಪ್ಪತ್ತೆರಡರ ಅವರಿಗೆ ಈ ಅಭ್ಯಾಸ ಎಂದು ಅಂಟಿಕೊಂಡಿತೋ ನೆನಪಿಲ್ಲ. ‘ವಯಸ್ಸಾಯ್ತಲ್ಲ, ತೂರಾಡುತ್ತೆ’ ಎಂಬುದು ಅವರ ವಿವರಣೆ. ಸೊಸೆಯ ಪ್ರಕಾರ ರಕ್ತ ಕಡಿಮೆ. ಮೊಮ್ಮಗ ಮಾತ್ರ ವಿವರಣೆಯ ಗೊಡವೆಗೆ ಹೋಗದೆ ದಸರಾ ವಸ್ತುಪ್ರದರ್ಶನದಿಂದ ಒಂದು ಜೊತೆ ಚಪ್ಪಲಿ ತಂದುಕೊಟ್ಟ. ಕಾಲಿಡುವ ಜಾಗದ ತುಂಬ ಹಲಸಿನಹಣ್ಣಿನ ಸಿಪ್ಪೆಯಂತೆ ರಬ್ಬರ್ ಮುಳ್ಳು! ‘ಹಾಕ್ಕೊಂಡು ಓಡಾಡು ಅಜ್ಜಿ, ನರ ಎಲ್ಲ ಎಚ್ಚರ ಆಗುತ್ತೆ.’

ಹುಡುಗನ ಮಾತು ಪೂರ್ತಿ ಸುಳ್ಳೇನಲ್ಲ.

ನೆಟ್ಟಗೆ ನಿಲ್ಲುವುದೆಂದರೆ ಅಲುಗಾಡದೆ ಇರುವುದಲ್ಲ. ಅಂಗೈ ಮೇಲೆ ಕೋಲು ನಿಲ್ಲಿಸಲು ಹೊರಟ ಹುಡುಗನ ಕೈ ಒಂದೇ ಸಮನೆ ಆಡುತ್ತಿರುತ್ತದಲ್ಲ, ಹಾಗೆ ನಿಂತ ದೇಹವೂ ಹಿಂದೆ ಮುಂದೆ ತೂಗುತ್ತಲೇ ಇರುತ್ತದೆ. ಮೀನಖಂಡದ ಸ್ನಾಯುಗಳು ಅದನ್ನು ಎಳೆದು ಸರಿಪಡಿಸುತ್ತಲೇ ಇರುತ್ತವೆ. ಎಷ್ಟು ವಾಲಿತು ಎಂಬ ವರದಿ ಮಿದುಳಿಗೆ ಹೋಗುವುದು ಕಣ್ಣು, ಒಳಕಿವಿ, ಸ್ನಾಯು, ಕೀಲುಗಳಿಂದ. ಜೊತೆಗೆ ಅಂಗಾಲಿನ ಚರ್ಮದಿಂದ. ಕಣ್ಣು ಮುಚ್ಚಿದರೆ ಉಳಿದವರ ಮೇಲೆ ಭಾರ. ಬೆನ್ನುಹುರಿಯ ಕಾಯಿಲೆಯಿಂದ ಕಾಲಿನ ಅರಿವು ಕಳೆದುಕೊಂಡವರು ಕಣ್ಣು ಮುಚ್ಚಿದೊಡನೆ ತೂರಾಡುವುದನ್ನು ಬರ್ಲಿನ್ನಿನ ವೈದ್ಯ ರೋಂಬರ್ಗ್ 19ನೇ ಶತಮಾನದಲ್ಲೇ ಬರೆದಿಟ್ಟ. ಇಂದಿಗೂ ಆ ಪರೀಕ್ಷೆಗೆ ಅವನದೇ ಹೆಸರು.

ಅಂಗಾಲಿನ ಚರ್ಮದಡಿ ನಾಲ್ಕು ಬಗೆಯ ಸ್ಪರ್ಶಗ್ರಾಹಕಗಳಿವೆ. ಅವುಗಳಲ್ಲಿ ಎರಡು ಬಗೆಯವು ಒತ್ತಡ ಬದಲಾದಾಗ ಮಾತ್ರ ಸುದ್ದಿ ಕಳಿಸುತ್ತವೆ, ಒತ್ತಡ ಒಂದೇ ಸಮನಿದ್ದರೆ ಸುಮ್ಮನಾಗುತ್ತವೆ. ಮೆತ್ತನೆಯ, ದಪ್ಪ ಅಟ್ಟೆಯ ಬೂಟು ಒತ್ತಡವನ್ನೆಲ್ಲ ಹರಡಿ ಸುದ್ದಿಯನ್ನೇ ಮಂಕಾಗಿಸುತ್ತದೆ. ಅಟ್ಟೆಯಲ್ಲಿ ಉಬ್ಬುತಗ್ಗಿದ್ದರೆ ದೇಹ ತುಸು ವಾಲಿದರೂ ಚರ್ಮ ಅಲ್ಲಲ್ಲಿ ಹೆಚ್ಚು ಅದುಮಿಕೊಳ್ಳುತ್ತದೆ, ವರದಿ ಸ್ಪಷ್ಟವಾಗುತ್ತದೆ. ತರ್ಕ ಇಷ್ಟೇ. ಕೆನಡಾದಲ್ಲಿ ಅಟ್ಟೆಯ ಅಂಚಿಗಷ್ಟೇ ಒಂದು ಏಣು ಕೂರಿಸಿ 65 ದಾಟಿದ 40 ಜನರ ಮೇಲೆ 12 ವಾರ ನಡೆಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ನಡೆಯುವಾಗ ಪಕ್ಕಕ್ಕೆ ವಾಲುವುದು ಹತೋಟಿಗೆ ಬಂದಿತ್ತು. ಅದಕ್ಕೂ ಮೊದಲೇ, 2003ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಅರಿವಿಗೇ ಬಾರದಷ್ಟು ಸಣ್ಣಗೆ ಕಂಪಿಸುವ ಅಟ್ಟೆಯ ಮೇಲೆ ನಿಂತ ವೃದ್ಧರ ತೂಗಾಟ ಕಡಿಮೆಯಾಗಿತ್ತು. ಬರೀ ಮುಳ್ಳಿನ ಅಟ್ಟೆಗಳ ಫಲಿತಾಂಶ ಮಾತ್ರ ಒಂದು ಕಡೆ ಹೌದು, ಇನ್ನೊಂದು ಕಡೆ ಅಲ್ಲ. ಚಪ್ಪಲಿಯ ಡಬ್ಬದ ಮೇಲೆ ಇದನ್ನು ಯಾರು ಅಚ್ಚುಹಾಕುತ್ತಾರೆ!

ಅಜ್ಜಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಹದಿನೈದು ದಿನ ಬಿಟ್ಟು ಮಾಮೂಲಿ ತಪಾಸಣೆಗೆ ಹೋದಾಗ ಡಾಕ್ಟರು ಒಂದು ನೈಲಾನ್ ಎಳೆ ತೆಗೆದರು. ಅದು ಬಾಗುವಾಗ ಬೀಳುವುದು ಬರೀ 10 ಗ್ರಾಮಿನ ಒತ್ತಡ. ‘ಕಣ್ಣು ಮುಚ್ಕೊಳ್ಳಿ ಅಮ್ಮಾ, ಮುಟ್ಟಿದಾಗೆಲ್ಲ ಹ್ಞೂಂ ಅನ್ನಿ.’

ಅಜ್ಜಿ ಕಣ್ಣು ಮುಚ್ಚಿದರು. ಎಳೆ ಹೆಬ್ಬೆರಳ ಬುಡ ಮುಟ್ಟಿ ಬಾಗಿತು, ಕಿರುಬೆರಳ ಬುಡ ಮುಟ್ಟಿ ಬಾಗಿತು, ಹಿಮ್ಮಡಿಗೂ ಹೋಗಿ ಬಂತು. ಮೊಮ್ಮಗ ನೋಡುತ್ತ ನಿಂತಿದ್ದ.

‘ಇನ್ನೂ ಶುರು ಮಾಡಿಲ್ವೇ ಡಾಕ್ಟ್ರೇ?’ ಎಂದರು ಅಜ್ಜಿ.

ಬಲಗಾಲಿನ ಬೆರಳಬುಡದಲ್ಲಿ ಸಾಲಾಗಿ ಮೂರು ಕೆಂಪು ಚುಕ್ಕೆ, ಒಂದರ ಮೇಲೆ ನೀರುಗುಳ್ಳೆ. ಮುಳ್ಳಿನ ಅಚ್ಚು. ಹೀಗೇ ನಾಲ್ಕು ದಿನ ನಡೆದಿದ್ದರೆ ಹುಣ್ಣಾಗುತ್ತಿತ್ತು, ಆಗಲೂ ಅವರಿಗೆ ನೋವಿರುತ್ತಿರಲಿಲ್ಲ. ವರದಿಗಾರನೇ ಇಲ್ಲದ ಊರಿನಲ್ಲಿ ಗದ್ದಲ ಹೆಚ್ಚಿಸಿ ಏನು ಪ್ರಯೋಜನ? ಇಂಥ ಕಾಲಿಗೆ ಬೇಕಾದದ್ದು ಭಾರವನ್ನು ಹರಡುವ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಅರಿವಿಲ್ಲದ ಪಾದಗಳಿಗಾಗಿ ಬಳಕೆಗೆ ತಂದದ್ದು ಅದೇ ಬಗೆಯದು.

ಮುಳ್ಳಿನ ಚಪ್ಪಲಿ ಈಗ ಮೊಮ್ಮಗನ ಕಾಲಲ್ಲಿದೆ. ‘ಸಕತ್ ಚುಚ್ಚುತ್ತೆ’ ಎನ್ನುತ್ತಾನೆ. ಭಾನುವಾರ ಅವನೇ ಡ್ರಿಲ್ಲಿಂಗ್ ಮೆಷಿನ್ ತಂದು ಬಚ್ಚಲ ಗೋಡೆಗೆ ಸ್ಟೀಲ್ ಕಂಬಿ ಕೂರಿಸಿದ. ಎತ್ತರ ಎಷ್ಟಿರಬೇಕೆಂದು ಕೇಳಿದ್ದಕ್ಕೆ ಅಜ್ಜಿ ಕಣ್ಣು ಮುಚ್ಚಿ ಎಡಗೈ ಚಾಚಿ ತೋರಿಸಿದರು.