ತೌಡಿನ ಧೂಳಿನಲ್ಲಿ ಗೇಮ್ ಅಂಗಡಿ

ಕಾರಟಗಿಯಲ್ಲಿ ಕಂಪ್ಯೂಟರ್ ಕೆಟ್ಟಿತೆಂದರೆ ಒಂದೋ ಕರೆಂಟಿನಿಂದ, ಇಲ್ಲವೇ ಧೂಳಿನಿಂದ. ಇಪ್ಪತ್ತು ವರ್ಷದಿಂದ ಈ ಊರಿನ ಕಂಪ್ಯೂಟರ್‌ಗಳನ್ನು ಜೋಡಿಸುತ್ತ, ಬಿಚ್ಚುತ್ತ ಬಂದ ನನಗೆ ಇದರಲ್ಲಿ ಅನುಮಾನ ಉಳಿದಿಲ್ಲ. ಗೇಮ್ ಅಂಗಡಿ ಹಾಕುತ್ತೇನೆಂದು ಬರುವ ಹುಡುಗರು ಮೊದಲು ಗ್ರಾಫಿಕ್ಸ್ ಕಾರ್ಡ್ ಯಾವುದು ಹಾಕೋಣ ಎನ್ನುತ್ತಾರೆ. ಅಂಗಡಿ ಯಾವ ಓಣಿಯಲ್ಲಿ, ಪಕ್ಕದಲ್ಲಿ ರೈಸ್ ಮಿಲ್ ಇದೆಯೇ, ಅರ್ಥಿಂಗ್ ಮಾಡಿಸಿದ್ದೀರಾ ಎಂದು ನಾನು ಕೇಳುತ್ತೇನೆ. ಕಾರ್ಡಿನ ಮಾತು ಆಮೇಲೆ.

ಹೊರಗಿನವರಿಗೆ ನಮ್ಮ ಊರಿನ ಲೆಕ್ಕ ಸ್ವಲ್ಪ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇದು ಭತ್ತದ ಊರಾಯಿತು. ಆಂಧ್ರದಿಂದ ಬಂದ ರೈತರು ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡರು, ಮಿಲ್ಲುಗಳೆದ್ದವು. ಸೋನಾ ಮಸೂರಿ ಲಾರಿಗಟ್ಟಲೆ ಇಲ್ಲಿಂದ ಹೋಗುತ್ತದೆ. ತಾಲ್ಲೂಕು ಆಗುವ ಮೊದಲು ಗಂಗಾವತಿಯ ಹೋಬಳಿಯಾಗಿದ್ದಾಗಲೂ ಕೈಯಲ್ಲಿ ದುಡ್ಡು ಆಡುವ ಊರೇ ಇದು. ಆದರೆ ಆ ದುಡ್ಡು ವರ್ಷವಿಡೀ ಒಂದೇ ಸಮನೆ ಆಡುವುದಿಲ್ಲ. ಸುಗ್ಗಿ ಮುಗಿದು ಭತ್ತ ತೂಗಿದ ಮೇಲೆ ಹುಡುಗರ ಜೇಬು ತುಂಬಿರುತ್ತದೆ. ಕಾಲುವೆಗೆ ನೀರು ಬಿಡದ ವರ್ಷ ಗೇಮ್ ಅಂಗಡಿಯ ಕುರ್ಚಿಯೂ ಖಾಲಿ. 2023ರ ಬರದಲ್ಲಿ ಅದನ್ನು ಕಂಡೆವು. ಸಾಲ ಮಾಡಿ ದುಬಾರಿ ಯಂತ್ರ ತಂದು ತಿಂಗಳ ಕಂತಿಗೆ ಸಿಕ್ಕವರು ಇಂಥ ವರ್ಷದಲ್ಲೇ ಬಾಗಿಲು ಹಾಕುತ್ತಾರೆ. ಹಾಗಾಗಿ ಇಲ್ಲಿ ಬಜೆಟ್ ಎಂದರೆ ಕೈಯಲ್ಲಿರುವ ಹಣದ ಲೆಕ್ಕವಷ್ಟೇ ಅಲ್ಲ, ನೀರಿನ ಲೆಕ್ಕವೂ ಹೌದು.

ನವಲಿ ರಸ್ತೆಯಲ್ಲಿ ನನ್ನ ಗೆಳೆಯನೊಬ್ಬ ನೆಟ್ ಸೆಂಟರ್ ತೆರೆದದ್ದು 2006ರ ಸುಮಾರಿಗೆ. ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಆಗಿನ್ನೂ ಹೊಸದು. ನೆಟ್ ಬರುತ್ತಿತ್ತು, ಹೋಗುತ್ತಿತ್ತು. ಹೋದಾಗ ಬಂದ ಗಿರಾಕಿಗಳು ಎದ್ದು ಹೋಗಬಾರದೆಂದು ಎಂಟು ಪೋರ್ಟಿನ ಒಂದು ಸ್ವಿಚ್ ತಂದು, ಆರು ಕಂಪ್ಯೂಟರ್‌ಗಳಿಗೂ ಕೇಬಲ್ ಎಳೆದು, ಕೌಂಟರ್ ಸ್ಟ್ರೈಕ್ 1.6 ಹಾಕಿದೆವು. ಅದಕ್ಕೆ ನೆಟ್ ಬೇಕಿರಲಿಲ್ಲ, ಲ್ಯಾನ್ ಸಾಕು. ತಿಂಗಳೊಳಗೆ ಮೇಲ್ ನೋಡಲು ಬರುವವರಿಗಿಂತ ಆಡಲು ಬರುವವರೇ ಹೆಚ್ಚಾದರು. ಕ್ಯಾಂಪಿನ ಹುಡುಗರು ತೆಲುಗಿನಲ್ಲಿ ಕೂಗುವುದು, ಊರ ಹುಡುಗರು ಕನ್ನಡದಲ್ಲಿ ಉತ್ತರ ಕೊಡುವುದು, ನಡುನಡುವೆ 'ಏ ಹಿಂದಿದ್ದಾನ ನೋಡಲೇ' ಎಂಬ ಚೀರಾಟ. ತಾಸಿಗೆ ಇಪ್ಪತ್ತು ರೂಪಾಯಿ. ಕಾರಟಗಿಯ ಗೇಮ್ ಅಂಗಡಿ ನನ್ನ ಕಣ್ಣೆದುರು ಹುಟ್ಟಿದ್ದು ಹೀಗೆ.

ಆ ಯಂತ್ರಗಳು ಪೆಂಟಿಯಂ 4 ಮತ್ತು ಸೆಲೆರಾನ್. ಮದರ್‌ಬೋರ್ಡ್‌ನಲ್ಲೇ ಇರುವ ಗ್ರಾಫಿಕ್ಸ್. ಕೌಂಟರ್ ಸ್ಟ್ರೈಕ್‌ಗೆ, ಐಜಿಐಗೆ ಅಷ್ಟು ಸಾಕಾಗಿತ್ತು. ವೈಸ್ ಸಿಟಿ ಏದುಸಿರು ಬಿಡುತ್ತ ಓಡುತ್ತಿತ್ತು. ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಬೇಕೆಂದು ಹುಡುಗರು ಹಟ ಹಿಡಿದಾಗ ಎರಡು ಯಂತ್ರಗಳಿಗೆ ಮಾತ್ರ ಜಿಫೋರ್ಸ್ 6200 ಹಾಕಿಸಿದೆವು. ಆ ಎರಡು ಕುರ್ಚಿಗೆ ಸರದಿ ನಿಲ್ಲುತ್ತಿತ್ತು, ಜಗಳವೂ ಆಗುತ್ತಿತ್ತು. ಸಣ್ಣ ಅಂಗಡಿಯಲ್ಲಿ ಎಲ್ಲ ಯಂತ್ರಗಳೂ ಒಂದೇ ನಮೂನೆ ಇರಬೇಕು ಎಂಬುದು ನನಗೆ ಆಗ ತಲೆಗೆ ಹೋಯಿತು. ಗಿರಾಕಿಗೆ ತಕರಾರಿಲ್ಲ. ಒಂದು ಕೆಟ್ಟರೆ ಇನ್ನೊಂದರ ಬಿಡಿಭಾಗ ಹಾಕಿ ನೋಡಬಹುದು. ಒಂದು ಯಂತ್ರದ ಪೂರ್ತಿ ನಕಲನ್ನು, ಅಂದರೆ ಘೋಸ್ಟ್ ಇಮೇಜನ್ನು, ಎಲ್ಲಕ್ಕೂ ಹಾಕಬಹುದು. ಪೆನ್‌ಡ್ರೈವ್‌ನಲ್ಲಿ ವೈರಸ್ ಹೊತ್ತು ತರುತ್ತಿದ್ದ ಆ ಕಾಲದಲ್ಲಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಮೇಜ್ ಮತ್ತೆ ಹಾಕಿಬಿಟ್ಟರೆ ಬೆಳಿಗ್ಗೆ ಯಂತ್ರ ಹೊಸದಾಗಿರುತ್ತಿತ್ತು.

ಆದರೆ ಆ ಅಂಗಡಿಯ ನಿಜವಾದ ಖರ್ಚು ಇದ್ದದ್ದು ಬೇರೆ ಕಡೆ. ಸಂಜೆ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತಿತ್ತು, ಮಿಲ್ಲಿನ ಮೋಟಾರು ನಿಂತ ಗಳಿಗೆಗೆ ಜಿಗಿಯುತ್ತಿತ್ತು. ಕ್ಯಾಬಿನೆಟ್ಟಿಗೆ ಕೈ ತಾಗಿದರೆ ಜುಮ್ ಎನ್ನುತ್ತಿತ್ತು. ಬೆಂಗಳೂರಿನಿಂದ ಕ್ಯಾಬಿನೆಟ್ ಜೊತೆಗೇ ಬಂದಿದ್ದ ಎಸ್‌ಎಂಪಿಎಸ್‌ಗಳ ಮೇಲೆ 450 ವ್ಯಾಟ್ ಎಂದು ಚೀಟಿ ಅಂಟಿಸಿತ್ತು. ಕೈಯಲ್ಲಿ ಹಿಡಿದರೆ ಹಗುರ. ಒಳಗೆ ಬೆರಳು ಗಾತ್ರದ ಕೆಪ್ಯಾಸಿಟರ್, ಬಡಕಲು ಟ್ರಾನ್ಸ್‌ಫಾರ್ಮರ್. ಅದು ಸಾಯುವಾಗ ಒಂದೇ ಸಾಯುವುದಿಲ್ಲ, ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಗುತ್ತದೆ. ಆ ಕಾಲದ ಬೋರ್ಡುಗಳಲ್ಲಿ ಕಳಪೆ ಕೆಪ್ಯಾಸಿಟರ್‌ಗಳು ಉಬ್ಬಿ ಸೋರುವ ರೋಗ ಲೋಕಕ್ಕೆಲ್ಲ ಇತ್ತು. ನಮ್ಮ ಸೆಕೆಯಲ್ಲಿ, ನಮ್ಮ ಕರೆಂಟಿನಲ್ಲಿ ಅದು ಬೇಗ ಬರುತ್ತಿತ್ತು. ಅಂಗಡಿಯ ಹಿಂದೆ ಆಳುದ್ದ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿ, ಅರ್ಥಿಂಗ್ ಮಾಡಿಸಿ, ಮೇನ್ ಲೈನಿಗೆ ಸ್ಟೆಬಿಲೈಜರ್ ಹಾಕಿ, ಹೆಸರುಳ್ಳ ಕಂಪನಿಯ ಎಸ್‌ಎಂಪಿಎಸ್ ಕೂರಿಸಿದ ಮೇಲೆ ನನ್ನ ರಿಪೇರಿ ಕೆಲಸ ಅಲ್ಲಿ ಅರ್ಧಕ್ಕಿಳಿಯಿತು. ನನ್ನ ಸಂಪಾದನೆ ಇಳಿಯಿತೆಂದು ಬೇಸರವಾಗಲಿಲ್ಲ. ಅಂಗಡಿ ಉಳಿಯಿತಲ್ಲ.

ಆಮೇಲೆ ಮಾನಿಟರ್. 17 ಇಂಚಿನ ಹಳೆಯ ಡಬ್ಬಿ ಸಿಆರ್‌ಟಿ 80–90 ವ್ಯಾಟ್ ತಿನ್ನುತ್ತಿತ್ತು, ಆಟ ನಡೆದಾಗ ಪೆಂಟಿಯಂ ನೂರರ ಮೇಲೆ. 600 ವಿಎ ಯುಪಿಎಸ್ ಕೊಡುವುದೇ 360 ವ್ಯಾಟ್ ಆಸುಪಾಸು. ಕರೆಂಟ್ ಹೋದರೆ ಆಟ ಮುಗಿಸಲೂ ಪುರಸೊತ್ತಿಲ್ಲ. ಆಟ ಅರ್ಧಕ್ಕೆ ನಿಂತರೆ ಹುಡುಗ ದುಡ್ಡು ಕೊಡುವುದಿಲ್ಲ, ಕೇಳುವುದೂ ನ್ಯಾಯವಲ್ಲ. ಎಲ್‌ಸಿಡಿ ಬಂದಾಗ ಅದರ ಚಂದಕ್ಕೆ ಯಾರೂ ಕೊಳ್ಳಲಿಲ್ಲ. ಅದು 25–30 ವ್ಯಾಟಿಗೆ ಮುಗಿಯುತ್ತಿತ್ತು ಎಂದು ಕೊಂಡೆವು. ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ಆಡಬಹುದು, ಕೋಣೆಯ ಕಾವೂ ಇಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಅಂಗಡಿಯಲ್ಲಿ ಆರು ಸಿಆರ್‌ಟಿಗಳ ನಡುವೆ ಕುಳಿತವರಿಗೆ ಆ ಕಾವು ಎಂಥದೆಂದು ಗೊತ್ತು.

ಧೂಳಿನ ಮಾತು ಉಳಿಯಿತು. ಸುಗ್ಗಿಯಲ್ಲಿ ಮಿಲ್ಲುಗಳು ಹಗಲು ರಾತ್ರಿ ನಡೆಯುವಾಗ ಹೊಟ್ಟಿನ ಪುಡಿ, ತೌಡು, ಬಾಯ್ಲರಿನ ಕಪ್ಪು ಬೂದಿ ಊರ ತುಂಬ ತೇಲುತ್ತದೆ. ಆ ಹೊತ್ತಿನಲ್ಲಿ ಒಂದು ಕ್ಯಾಬಿನೆಟ್ ಬಿಚ್ಚಿ ನೋಡಿ. ಪ್ರೊಸೆಸರ್ ಫ್ಯಾನನ್ನು ತೆಗೆದರೆ ಅದರ ಕೆಳಗಿನ ಹೀಟ್‌ಸಿಂಕ್ ಕಾಣುವುದಿಲ್ಲ, ಕಂದು ಕಂಬಳಿಯ ತುಂಡೊಂದು ಕುಳಿತಿರುತ್ತದೆ. ತೌಡಿನಲ್ಲಿ ಎಣ್ಣೆಯ ಪಸೆ ಇದೆ, ಅದಕ್ಕೇ ಅದು ಊದಿದರೆ ಹಾರುವ ಧೂಳಲ್ಲ. ರೆಕ್ಕೆಗಳ ನಡುವೆ ಅಂಟಿ ಗಟ್ಟಿಯಾಗುತ್ತದೆ. ಪೇಂಟ್ ಬ್ರಷ್‌ನಿಂದ ಒಂದೊಂದು ಸಂದಿ ಬಿಡಿಸಬೇಕು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್ ಬಿಡಬೇಕು, ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಅವರೆಕಾಳಿಗಿಂತ ಸಣ್ಣ ಬೊಟ್ಟು ಹೊಸದು ಇಡಬೇಕು. ಅಷ್ಟು ಮಾಡಿದರೆ 'ಅಣ್ಣಾ, ತಾನ ಬಂದ್ ಆಗ್ತೈತಿ' ಎಂದು ತಂದ ಯಂತ್ರ ಮತ್ತೊಂದು ಬೆಳೆಯವರೆಗೆ ಓಡುತ್ತದೆ. ಪಕ್ಕಕ್ಕೆ ಗಾಜು, ಮುಂದೆ ಜಾಲರಿ, ಒಳಗೆ ಬಣ್ಣದ ದೀಪವಿರುವ ಈಗಿನ ಕ್ಯಾಬಿನೆಟ್ಟುಗಳು ಬೆಂಗಳೂರಿಗೆ ಚೆಂದ. ಇಲ್ಲಿ ಮುಂದಿನ ಜಾಲರಿಗೆ ತೊಳೆಯಬಹುದಾದ ಫಿಲ್ಟರ್ ಇಲ್ಲದಿದ್ದರೆ ಅದನ್ನು ನಾನು ಕೊಳ್ಳಗೊಡುವುದಿಲ್ಲ.

2011ರಲ್ಲಿ ಸೈಬರ್ ಕೆಫೆಗಳಿಗೆ ಕೇಂದ್ರದ ನಿಯಮ ಬಂತು. ಗುರುತಿನ ಚೀಟಿ ನೋಡಬೇಕು, ಕನಿಷ್ಠ ಒಂದು ವರ್ಷ ರಿಜಿಸ್ಟರ್ ಇಡಬೇಕು, ಅಡ್ಡ ಹಲಗೆ ನಾಲ್ಕೂವರೆ ಅಡಿ ಮೀರಬಾರದು. ಹಲಗೆ ಕತ್ತರಿಸಿದ್ದು ಒಳ್ಳೆಯದೇ ಆಯಿತು, ಗಾಳಿ ಆಡಿತು. ಅದರ ಬೆನ್ನಿಗೆ ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಸಿಕ್ಕಿತು. ನೇಮಕಾತಿಗೆ, ಕಾಲೇಜು ಸೀಟಿಗೆ ಅರ್ಹತಾ ಪ್ರಮಾಣಪತ್ರ ಬೇಕಾದ ಮೇಲೆ ಅರ್ಜಿ ಹಾಕುವವರ ಸಾಲು ಬೆಳಿಗ್ಗೆಯೇ ಅಂಗಡಿ ಮುಂದೆ ನಿಲ್ಲುತ್ತಿತ್ತು. ಹಗಲು ಅರ್ಜಿ, ಪಹಣಿ, ಫಲಿತಾಂಶ, ಸಂಜೆ ಆಟ. ಒಂದೇ ಯಂತ್ರ ಎರಡಕ್ಕೂ ದುಡಿಯಿತು. ಸಣ್ಣ ಊರಿನ ಗೇಮ್ ಅಂಗಡಿಯನ್ನು ಬರೀ ಆಟ ಸಾಕಿಲ್ಲ ಎಂಬುದನ್ನು ಹೊಸಬರು ಈಗಲೂ ಒಪ್ಪುವುದಿಲ್ಲ.

ನನ್ನ ಪ್ರಕಾರ ಈ ವ್ಯಾಪಾರದ ಒಳ್ಳೆಯ ದಿನಗಳು 2014ರ ನಂತರದವು. ವಿಂಡೋಸ್ ಎಕ್ಸ್‌ಪಿಗೆ ಆ ಏಪ್ರಿಲ್‌ನಲ್ಲಿ ಬೆಂಬಲ ನಿಂತಿತು, ಹಳೆಯ ಯಂತ್ರ ಬದಲಿಸಲೇಬೇಕಾಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ಜಿಟಿಎಕ್ಸ್ 750 ಟಿಐ ಬಂದಿತ್ತು. ಬರೀ 60 ವ್ಯಾಟಿನ ಕಾರ್ಡು. ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಬೇಡ, ಸ್ಲಾಟ್ ಕೊಡುವ 75 ವ್ಯಾಟಿನಲ್ಲೇ ನಡೆಯುತ್ತದೆ. ಕೆಲವು ವರ್ಷ ಕಳೆದು ಬೆಂಗಳೂರಿನ ಕಂಪನಿಗಳು ತಮ್ಮ ಆಫೀಸು ಯಂತ್ರಗಳನ್ನು ಹೊರಹಾಕತೊಡಗಿದವು. ಐ5-2400, ಐ5-3470 ಇರುವ ಡೆಲ್, ಎಚ್‌ಪಿ ಟವರ್‌ಗಳು ಎಸ್.ಪಿ. ರಸ್ತೆಯಲ್ಲಿ ಸಾಲಾಗಿ ಪೇರಿಸಿರುತ್ತಿದ್ದವು. ಅವುಗಳ ಎಸ್‌ಎಂಪಿಎಸ್ 250 ವ್ಯಾಟಿನ ಆಸುಪಾಸು, ಆದರೆ ಚೀಟಿಯಲ್ಲಿ ಬರೆದಷ್ಟನ್ನು ನಿಜವಾಗಿ ಕೊಡುವಂಥವು. ಈ ಟವರು, ಈ ಕಾರ್ಡು, ಎಂಟು ಜಿಬಿ ರ‍್ಯಾಮು, 120 ಜಿಬಿಯ ಒಂದು ಎಸ್‌ಎಸ್‌ಡಿ: ಹೊಸ ಯಂತ್ರದ ಅರ್ಧ ಬೆಲೆಗೆ ಜಿಟಿಎ 5 ಓಡಿತು. ನೋಡಿದ ಹುಡುಗರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆರಿಸುವಾಗ ಎಚ್ಚರ ಬೇಕಿತ್ತು. ತೆಳ್ಳಗಿನ ಸಣ್ಣ ಡಬ್ಬಿ ತಂದರೆ ಪೂರ್ತಿ ಎತ್ತರದ ಕಾರ್ಡು ಅದರೊಳಗೆ ಕೂರದು; ಟವರನ್ನೇ ತರಬೇಕು. ಒಂದು ಅಂಗಡಿಯವರು ನಮಗೆ ಎಂಟು ಜಿಬಿ ಎಂದು ಹೇಳಿ ನಾಲ್ಕು ಜಿಬಿ ಹಾಕಿ ಕಳಿಸಿದ್ದೂ ಉಂಟು. ಆಮೇಲೆ ಅಲ್ಲೇ ಆನ್ ಮಾಡಿಸಿ ನೋಡದೆ ಒಂದು ಯಂತ್ರವನ್ನೂ ಕಟ್ಟಿಸಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. 2018ರಲ್ಲಿ ಪಬ್‌ಜಿ ಮೊಬೈಲ್. ಎರಡೂ ಸೇರಿ ಅಂಗಡಿಗಳನ್ನು ಖಾಲಿ ಮಾಡಿದವು. ಹುಡುಗರು ಮಿಲ್ಲಿನ ಕಟ್ಟೆ ಮೇಲೆ, ಬಸ್ ನಿಲ್ದಾಣದಲ್ಲಿ, ಚಾರ್ಜರ್ ಪಾಯಿಂಟ್ ಇದ್ದಲ್ಲೆಲ್ಲ ಕೂತು ಆಡಿದರು. ಗೆಳೆಯ ನಾಲ್ಕು ಯಂತ್ರ ಮಾರಿದ, ಎರಡನ್ನು ಅರ್ಜಿಗೆ ಇಟ್ಟುಕೊಂಡ. ಲಾಕ್‌ಡೌನ್ ಉಳಿದದ್ದನ್ನು ಮುಗಿಸಿತು.

ಅಂಗಡಿ ಮತ್ತೆ ಹುಟ್ಟಿದ್ದು 2020ರ ಜೂನ್‌ನಲ್ಲಿ ಬಂದ ವ್ಯಾಲರಂಟ್‌ನಿಂದ, ಮನೆಗೆ ಬಂದ ಫೈಬರಿನಿಂದ. ಆ ಆಟವನ್ನು ಫೋನಿನಲ್ಲಿ ಆಡಲಾಗುತ್ತಿರಲಿಲ್ಲ, ಮೌಸು ಬೇಕಿತ್ತು. ಗೆಳೆಯನ ತಮ್ಮ ಅದೇ ಜಾಗದಲ್ಲಿ ಮತ್ತೆ ಶುರು ಮಾಡಬೇಕೆಂದಾಗ ಗ್ರಾಫಿಕ್ಸ್ ಕಾರ್ಡಿನ ಬೆಲೆ ಮುಟ್ಟುವಂತಿರಲಿಲ್ಲ. ಕ್ರಿಪ್ಟೊ ಗಣಿಗಾರರು ಎಲ್ಲವನ್ನೂ ಎತ್ತಿಕೊಂಡಿದ್ದರು. ಆಗ ನಮ್ಮನ್ನು ಕಾಪಾಡಿದ್ದು 2021ರಲ್ಲಿ ಅಂಗಡಿಗೆ ಬಂದ ರೈಜನ್ 5 5600ಜಿ. ಈ ಪ್ರೊಸೆಸರಿನ ಒಳಗೇ ಗ್ರಾಫಿಕ್ಸ್ ಇದೆ. ಇದಕ್ಕೆ 16 ಜಿಬಿಯ ಒಂದು ರ‍್ಯಾಮ್ ಹಾಕಿದರೆ ಕುಂಟುತ್ತದೆ. 8 ಜಿಬಿಯ ಎರಡು ಹಾಕಿದರೆ ಅದೇ ದುಡ್ಡಿಗೆ ಆಟ ಬೇರೆಯೇ. ಗ್ರಾಫಿಕ್ಸ್ ತನ್ನ ನೆನಪನ್ನು ರ‍್ಯಾಮಿನಿಂದಲೇ ತೆಗೆದುಕೊಳ್ಳುವುದರಿಂದ ಎರಡು ದಾರಿ ಇದ್ದರೆ ಅದಕ್ಕೆ ಉಸಿರು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ಹಣ ಗಣಿಗಾರಿಕೆ ಬೇಡದ ಪದ್ಧತಿಗೆ ಬದಲಾದ ಮೇಲೆ ಗಣಿಯಲ್ಲಿ ದುಡಿದ ಕಾರ್ಡುಗಳು ರಾಶಿ ಬಿದ್ದವು. ಬೆಲೆ ಆಸೆ ಹುಟ್ಟಿಸುವಂತಿತ್ತು. ನಮ್ಮ ಧೂಳಿಗೆ ಮೊದಲೇ ಸವೆದ ಫ್ಯಾನು ಬೇಡವೆಂದು ನಾನು ತಡೆದೆ.

ಕಾರ್ಡು ಒಮ್ಮೆ ಕೊಂಡರೆ ಐದು ವರ್ಷ. ಕೀಬೋರ್ಡು, ಮೌಸು, ಹೆಡ್‌ಫೋನು ಹಾಗಲ್ಲ. ಡಬ್ಲ್ಯೂ, ಎ, ಎಸ್, ಡಿ ಕೀಗಳ ಅಕ್ಷರಗಳು ಅಳಿಸಿಹೋಗಿರುತ್ತವೆ, ಹೆಡ್‌ಫೋನಿನ ತಂತಿ ಬುಡದಲ್ಲಿ ಮುರಿಯುತ್ತದೆ. ಹೊಸ ಅಂಗಡಿಯ ಲೆಕ್ಕ ಬರೆಯುವಾಗ ಇದಕ್ಕೆ ತಿಂಗಳ ಖಾನೆ ಬೇರೆ ಬರೆಯಿಸುತ್ತೇನೆ.

ಯಶವಂತಪುರದ ರೈಲು ಕಾರಟಗಿಗೆ ಬಂದ ಮೇಲೆ ಸಾಮಾನು ತರುವುದು ಸಲೀಸಾಗಿದೆ. ಬಸ್ಸಿನಲ್ಲಿ ಮಾನಿಟರನ್ನು ತೊಡೆ ಮೇಲಿಟ್ಟುಕೊಂಡು ಬರುವ ಕಾಲ ಹೋಯಿತು. ಈಗಿನ ತಲೆನೋವು ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0, ಸೆಕ್ಯೂರ್ ಬೂಟ್ ಬೇಕು. ನಮ್ಮನ್ನು ಇಷ್ಟು ವರ್ಷ ಸಾಕಿದ ಎರಡನೇ, ಮೂರನೇ ತಲೆಮಾರಿನ ಐ5ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮೇಲಿನದ್ದೇ ಆಗಬೇಕು. ಮೇಲಾಗಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮಿನ ಬೆಲೆ ಅದೇ ವರ್ಷದ ಕೊನೆಗೆ ಎರಡು ಪಟ್ಟು ದಾಟಿತು.

ಗೆಳೆಯನ ತಮ್ಮನಿಗೆ ಇದೀಗ ಇನ್ನೂ ನಾಲ್ಕು ಕುರ್ಚಿ ಬೇಕಂತೆ. ಐ5-8500 ಇರುವ ಆಫೀಸು ಟವರ್‌ಗಳು, ಅದರಲ್ಲೂ ರ‍್ಯಾಮ್ ಒಳಗಿದ್ದೇ ಬರುವಂಥವು, ಮತ್ತು ಬೇರೆ ತಂತಿ ಬೇಡದ ನಮೂನೆಯ ಜಿಟಿಎಕ್ಸ್ 1650 ಎಂದು ಬರೆದುಕೊಟ್ಟಿದ್ದೇನೆ. 144 ಹರ್ಟ್ಜ್ ಮಾನಿಟರ್ ನಾಲ್ಕೂ ಬೇಕೆಂದ. ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ದಿನವಾಯಿತು ಎಂದು ಕೇಳಿದೆ. ಅವನು ಸುಮ್ಮನಾದ. ಗುಂಡಿ ಬಿಡಿಸಿ ಹೊಸದಾಗಿ ಇದ್ದಿಲು ತುಂಬಿಸುವ ಕೆಲಸ ಬರುವ ಸೋಮವಾರಕ್ಕಿದೆ, ಬೆಂಗಳೂರಿನ ರೈಲು ಹತ್ತುವುದು ಅದಾದ ಮೇಲೆ.