ಅಪ್ಪ ಹರಿದ ಗ್ಲೌಸು

ಪರೀಕ್ಷೆ ಹತ್ತಿರ ಬಂತೆಂದು ಮೊನ್ನೆ ಮಗನ ಗೋಲ್‌ಕೀಪರ್ ಗ್ಲೌಸನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಅವನು ಜಗಳವಾಡಲಿಲ್ಲ. ಊಟ ಮಾಡದೆ ಮಲಗಿಬಿಟ್ಟ. ನನಗೋ ನಿದ್ದೆ ಹತ್ತಲಿಲ್ಲ. ಆಗ ನೆನಪಾದವನು ಇರಾನಿನ ಅಲಿರೇಜಾ ಬೈರನ್ವಂದ್.

2018ರ ವಿಶ್ವಕಪ್ಪಿನಲ್ಲಿ ರೊನಾಲ್ಡೊನ ಪೆನಾಲ್ಟಿ ತಡೆದ ಪುಣ್ಯಾತ್ಮ ಇವನೇ. ನಮ್ಮಲ್ಲಿ ನಡುರಾತ್ರಿ ದಾಟಿತ್ತು, ಅಪ್ಪ-ಮಗ ಇಬ್ಬರೂ ಎದ್ದು ಕುಣಿದಿದ್ದೆವು!

ಲೊರೆಸ್ತಾನದ ಅಲೆಮಾರಿ ಕುರಿಗಾಹಿಗಳ ಮನೆಯ ಹಿರಿಮಗ ಇವನು. ಅಪ್ಪನಿಗೆ ಫುಟ್‌ಬಾಲ್ ಕಂಡರಾಗದು. ಮಗನ ಆಟದ ಬಟ್ಟೆ, ಗ್ಲೌಸು ಎಲ್ಲ ಹರಿದುಹಾಕಿದರಂತೆ. ಹುಡುಗ ಬರಿಗೈಯಲ್ಲೇ ಆಡಿದ. ಕೊನೆಗೆ ನೆಂಟರೊಬ್ಬರ ಹತ್ತಿರ ಸಾಲ ಮಾಡಿ ಟೆಹ್ರಾನಿನ ಬಸ್ಸು ಹತ್ತಿದ. ಕ್ಲಬ್ಬೊಂದರ ಬಾಗಿಲಲ್ಲಿ ಮಲಗಿದ್ದಾಗ ಭಿಕ್ಷುಕನೆಂದುಕೊಂಡು ಜನ ಚಿಲ್ಲರೆ ಹಾಕಿ ಹೋಗಿದ್ದರು. ಅದರಲ್ಲೇ ಬಹಳ ದಿನಗಳ ನಂತರ ಒಳ್ಳೆಯ ತಿಂಡಿ ತಿಂದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಕಾರು ತೊಳೆದ, ಪಿಜ್ಜಾ ಅಂಗಡಿಯಲ್ಲಿ ದುಡಿದ, ಬೀದಿ ಗುಡಿಸಿದ.

ನಾಫ್ತ್ ಟೆಹ್ರಾನ್ ಕ್ಲಬ್ಬು ಅವನನ್ನು ಬೆಳೆಸಿತು. 2016ರಲ್ಲಿ ಪರ್ಸೆಪೊಲಿಸ್ ಸೇರಿದ ಮೇಲೆ ಸತತ 4 ಲೀಗ್ ಪ್ರಶಸ್ತಿ. ಅದೇ ವರ್ಷ ದಕ್ಷಿಣ ಕೊರಿಯಾ ವಿರುದ್ಧ ಚೆಂಡನ್ನು ಕೈಯಿಂದ 61 ಮೀಟರ್ ಎಸೆದ, ಅದು ಗಿನ್ನೆಸ್ ದಾಖಲೆ. ಚಿಕ್ಕಂದಿನಲ್ಲಿ ಕುರಿ ಕಾಯುತ್ತಾ ಕಲ್ಲು ಎಸೆಯುವ ಆಟ ಆಡಿದ ಕೈ ಅದು. ಅಪ್ಪ ಹರಿದದ್ದು ಗ್ಲೌಸನ್ನು ಮಾತ್ರ, ಕೈ ಹಾಗೇ ಉಳಿದಿತ್ತು ನೋಡಿ.

ಮುಂದಿನದ್ದೆಲ್ಲ ಸುಖವೇನಲ್ಲ. 2020ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ಗೆ ಹೋದ. ಅಲ್ಲಿ ಹೆಚ್ಚು ದಿನ ಬೆಂಚು ಕಾದದ್ದೇ ಬಂತು. ಪೋರ್ಚುಗಲ್ಲಿನ ಬೋವಿಸ್ತಾಗೆ ಎರವಲು ಹೋಗಿ, 2022ರಲ್ಲಿ ಮತ್ತೆ ಪರ್ಸೆಪೊಲಿಸ್‌ಗೆ ಮರಳಿದ. ಮುಗಿಯಿತು ಇವನ ಕಥೆ ಅಂದುಕೊಂಡಿದ್ದೆ. 2024ರಲ್ಲಿ ತಬ್ರೀಜಿನ ಟ್ರಾಕ್ಟರ್ ಕ್ಲಬ್ ಸೇರಿದ. ಆ ಕ್ಲಬ್ಬು ತನ್ನ ಮೊಟ್ಟಮೊದಲ ಲೀಗ್ ಪ್ರಶಸ್ತಿ ಗೆದ್ದದ್ದು 2024-25ರಲ್ಲಿ, ಇವನು ಗೋಲಿನಲ್ಲಿ ನಿಂತಿದ್ದಾಗ.

ನನ್ನ ಮಗ ಬೈರನ್ವಂದ್ ಆಗುತ್ತಾನೆ ಅಂತ ನಾನೇನೂ ಹೇಳುತ್ತಿಲ್ಲ. ಕಾರ್ನರ್ ಬಂದರೆ ಇನ್ನೂ ಕಣ್ಣು ಮುಚ್ಚುತ್ತಾನೆ! ಆದರೆ ಬಸ್ಸು ಹತ್ತಿದ ಆ ಹುಡುಗನ ಕಥೆ ಓದುವಾಗೆಲ್ಲ ನಾನು ಹುಡುಗನ ಪಕ್ಷದಲ್ಲೇ ಇದ್ದವನು. ಈ ಸಲ ನೋಡಿಕೊಂಡರೆ ಅಪ್ಪನ ಜಾಗದಲ್ಲಿ ನಿಂತಿದ್ದೇನೆ...

ಬೆಳಿಗ್ಗೆ ಅಟ್ಟ ಹತ್ತಿ ಗ್ಲೌಸು ಇಳಿಸಿದೆ. ಪರೀಕ್ಷೆ ಮುಗಿಯುವ ತನಕ ಸಂಜೆ ಒಂದೇ ಗಂಟೆ ಆಟ ಅಂತ ರಾಜಿಯಾಗಿದೆ.

ನಿಮ್ಮ ಮನೆಯ ಅಟ್ಟದ ಮೇಲೆ ಏನಿದೆ?