ವಾಪಸ್ ಬರುವ ಸೀರೆ

ಪ್ರೀತಿಯ ತಂಗಿ,

ನಿನ್ನ ಕಾಗದ ಸೇರಿತು. ಮಧುವನಹಳ್ಳಿಯ ಮನೆಯಲ್ಲೇ ಕೂತು, ಫೋನಿನಲ್ಲೇ ಕೊಳ್ಳೇಗಾಲದ ರೇಷ್ಮೆ ಸೀರೆ ಮಾರುತ್ತಿದ್ದೀಯ ಎಂದು ಓದಿ ತುಂಬ ಖುಷಿಯಾಯಿತು. "ಪ್ಲಾಸ್ಟಿಕ್ ಬಿಟ್ಟು ಕಾಗದದ ಕವರು ಹಾಕಿದರೆ ಸಾಕೇ ಅಕ್ಕ, ಪರಿಸರಕ್ಕೆ ನಾನು ಇನ್ನೇನು ಮಾಡಲಿ?" ಎಂದು ಕೇಳಿದ್ದೀಯ. ಕವರಿನ ಮಾತು ಆಮೇಲೆ ಆಡೋಣ. ಮೊದಲು ಹೋದ ಸೀರೆ ವಾಪಸ್ ಬರುವ ಮಾತು. ಈ ವ್ಯಾಪಾರದಲ್ಲಿ ದೊಡ್ಡ ಪೋಲು ಅಲ್ಲಿದೆ ಅನ್ನುವುದು ನನ್ನ ನಂಬಿಕೆ.

ನಿನ್ನ ಸೀರೆ ಬೆಂಗಳೂರು ದಾಟಿ ಪುಣೆಗೆ ಹೋಯಿತು ಅನ್ನು. ಬಿಚ್ಚಿ ನೋಡಿದವರು "ಫೋಟೋದಲ್ಲಿದ್ದ ಬಣ್ಣ ಇದಲ್ಲ" ಅಂದರೆ ಅಷ್ಟೂ ದಾರಿಯ ಡೀಸೆಲ್ಲು ಇನ್ನೊಂದು ಸಲ ಉರಿಯಬೇಕು. ಮತ್ತೆ ಕವರು, ಮತ್ತೆ ಟೇಪು. ಮಡಿಕೆ ಕೆಟ್ಟ ಸೀರೆಗೆ ಮತ್ತೆ ಪಾಲಿಶ್. ಕಾಗದದ ಕವರು ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ನಮ್ಮ ರೇಷ್ಮೆಗೆ ಈ ತೊಂದರೆ ಹೆಚ್ಚು. ಹಾಸು ಹಸಿರು, ಹೊಕ್ಕು ಕೆಂಪು ಇಟ್ಟು ನೇಯ್ದ ಡಬಲ್ ಶೇಡ್ ಸೀರೆಯನ್ನು ಕೈಯಲ್ಲಿ ಹಿಡಿದು ನೋಡು. ಮಡಿಕೆ ಹೊರಳಿಸಿದಂತೆ ಒಮ್ಮೆ ಹಸಿರು ಮೇಲೆ ಬರುತ್ತದೆ, ಒಮ್ಮೆ ಕೆಂಪು. ಫೋಟೋಗೆ ಸಿಗುವುದು ಅದರಲ್ಲಿ ಒಂದೇ. ಅದೂ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದು, ಫಿಲ್ಟರ್ ಹಾಕಿದರೆ ಬಣ್ಣ ಯಾವುದೆಂದು ನಿನಗೇ ಗುರುತು ಸಿಗಲಿಕ್ಕಿಲ್ಲ. ಆದ್ದರಿಂದ ಬೆಳಗಿನ ಹೊತ್ತು, ಬಿಸಿಲು ನೇರ ಬೀಳದ ಜಗುಲಿಯಲ್ಲಿ ಸೆರಗನ್ನು ನಿಧಾನ ಹೊರಳಿಸುತ್ತ ಒಂದು ಚಿಕ್ಕ ವಿಡಿಯೊ ತೆಗೆ. ಹಾಸು ಯಾವ ಬಣ್ಣ, ಹೊಕ್ಕು ಯಾವ ಬಣ್ಣ, ರವಿಕೆ ಕಣ ಸೇರಿ ಎಷ್ಟು ಮೀಟರು, ತೂಕ ಎಷ್ಟು, ಜರಿ ಅಸಲಿಯೋ ಅಲ್ಲವೋ, ಕೈಮಗ್ಗದ್ದೋ ಪವರ್‌ಲೂಮಿನದೋ, ಎಲ್ಲ ಬರೆದುಬಿಡು. ಪವರ್‌ಲೂಮ್ ಎಂದು ಬರೆದರೆ ಮಾರಾಟ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇಡ. ಗೊತ್ತಿದ್ದು ಕೊಂಡವರು ವಾಪಸ್ ಕಳಿಸುವುದು ಕಡಿಮೆ. ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ 2004ರಿಂದ ಇದೆ. ಆ ಚೀಟಿ ಇರುವ ಸೀರೆಯಾದರೆ ಅದನ್ನೂ ವಿಡಿಯೊದಲ್ಲಿ ತೋರಿಸು, ಶುದ್ಧ ರೇಷ್ಮೆಯೋ ಅಲ್ಲವೋ ಎಂಬ ಅನುಮಾನ ಅಲ್ಲಿಗೇ ತೀರುತ್ತದೆ.

ಕ್ಯಾಶ್ ಆನ್ ಡೆಲಿವರಿ ಇನ್ನೊಂದು ತಲೆನೋವು. ಮುಂಚೆ ಹಣ ಕೊಡದವರು ಬಾಗಿಲಲ್ಲೇ ಬೇಡ ಅನ್ನುವುದು ಸುಲಭ. ಮುಂಗಡ ಕಟ್ಟಿದವರಿಗೆ ಸ್ವಲ್ಪ ರಿಯಾಯಿತಿ ಕೊಡು. ವಾಪಸಾತಿಯ ಖರ್ಚಿಗಿಂತ ಅದು ಹಗುರ.

ಇನ್ನು ಕವರು. ಪೆಟ್ಟಿಗೆ ಯಾವುದರದು ಅನ್ನುವುದಕ್ಕಿಂತ ಎಷ್ಟು ದೊಡ್ಡದು ಅನ್ನುವುದನ್ನು ಮೊದಲು ನೋಡು. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40, 30, 10ರ ಪೆಟ್ಟಿಗೆಗೆ 2.4 ಕಿಲೊ ಲೆಕ್ಕ, ಒಳಗಿನ ಸೀರೆ ಒಂದು ಕಿಲೊ ಇಲ್ಲದಿದ್ದರೂ! 36, 28, 4ರದ್ದಾದರೆ ಸುಮಾರು 800 ಗ್ರಾಂ. ಲಾರಿಯಲ್ಲಿ ಗಾಳಿಯನ್ನು ಹೊತ್ತು ಸಾಗಿಸುವುದಕ್ಕೆ ನೀನೇಕೆ ದುಡ್ಡು ಕೊಡಬೇಕು?

ಒಳಗೆ ಪ್ಲಾಸ್ಟಿಕ್ ಬೇಡವೇ ಬೇಡ. ಅದರಲ್ಲಿ ತೇವ ಕೂತರೆ ಜರಿ ಕಪ್ಪಾಗುತ್ತದೆ. ನಮ್ಮ ಅಜ್ಜಿಯರು ರೇಷ್ಮೆಯನ್ನು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡುತ್ತಿದ್ದರಲ್ಲ, ಅದೇ ಸರಿ. ಒಂದು ತುಂಡು ಹತ್ತಿ ಬಟ್ಟೆಯಲ್ಲಿ ಸುತ್ತಿ ಕಳಿಸಿದರೆ ಕೊಂಡವರು ಅದನ್ನು ಬೀರುವಿನಲ್ಲೂ ಹಾಗೇ ಇಡುತ್ತಾರೆ, ಎಸೆಯುವುದಿಲ್ಲ. ಹಿಂದೆ ಅಂಚೆ ಪಾರ್ಸೆಲ್ಲನ್ನೂ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದೆವು. ಆದರೆ ಮಳೆಗಾಲದಲ್ಲಿ ಹೊರಗೆ ನೀರು ತಡೆಯುವ ಒಂದು ಪದರ ಬೇಕೇ ಬೇಕು, ನೆನೆದ ಸೀರೆಗಿಂತ ದೊಡ್ಡ ನಷ್ಟ ಇಲ್ಲ. ಮರುಬಳಕೆಯ ಪ್ಲಾಸ್ಟಿಕ್ಕಿನ ಕವರನ್ನು ಆ ತಿಂಗಳುಗಳಿಗೆ ಮಾತ್ರ ಇಟ್ಟುಕೋ. 'ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್' ಎಂದು ಮಾರುವವರ ಹತ್ತಿರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ತೋರಿಸಿ ಅನ್ನು. ಅಮೆಜಾನ್ 2020ರಲ್ಲೇ ಭಾರತದ ತನ್ನ ಗೋದಾಮುಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಪ್ಯಾಕಿಂಗ್ ನಿಲ್ಲಿಸಿದೆವೆಂದು ಹೇಳಿಕೊಂಡಿತು. ಅಷ್ಟು ದೊಡ್ಡವರು ಮಾಡಿದ್ದು ನಿನ್ನ ಜಗುಲಿಯಲ್ಲಿ ಇನ್ನೂ ಸುಲಭ.

ಬರೆಯಲು ಮನಸ್ಸು ಭಾರವಾಗುವ ಮಾತೊಂದಿದೆ. ರೇಷ್ಮೆ ನೈಸರ್ಗಿಕ, ಹಾಗಾಗಿ ಪರಿಸರಕ್ಕೆ ಒಳ್ಳೆಯದು ಎಂದು ಬರೆದು ಮುಗಿಸಬೇಡ. ಕಚ್ಚಾ ನೂಲನ್ನು ಸೋಪು, ಸೋಡಾ ಹಾಕಿ ಕುದಿಸಿ ಅಂಟು ತೆಗೆಯುವಾಗ ಅದರ ತೂಕದ ಹೆಚ್ಚುಕಡಿಮೆ ಕಾಲು ಭಾಗ ನೀರಿಗೆ ಹೋಗುತ್ತದೆ. ಅದರ ಹಿಂದೆಯೇ ಬಣ್ಣದ ನೀರು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಬಣ್ಣ ಹಾಕುವವರನ್ನು ಮರ್ಯಾದೆಯಿಂದ ಕೇಳು. ನಿಷೇಧಿತ ಅಜೊ ಬಣ್ಣ ಬಳಸುತ್ತಿಲ್ಲ ತಾನೆ ಎಂದೂ ಕೇಳು, ಅವುಗಳಲ್ಲಿ ಹಲವನ್ನು 1997ರಲ್ಲೇ ನಿಷೇಧಿಸಿದ್ದಾರೆ. ನೀರು ಸಂಸ್ಕರಿಸುವವರ ಹತ್ತಿರ ಬಣ್ಣ ಹಾಕಿಸಿದ ನೂಲಿನ ಸೀರೆ ಸ್ವಲ್ಪ ದುಬಾರಿಯಾದರೂ ಅದನ್ನೇ ಕೊಳ್ಳು. ಯಾಕೆ ದುಬಾರಿ ಅನ್ನುವುದನ್ನು ಗಿರಾಕಿಗೂ ಹೇಳು. ಬಣ್ಣ ಹಾಕುವವರಿಂದ ಉತ್ತರ ಸಿಗದಿದ್ದರೆ 'ಪರಿಸರಸ್ನೇಹಿ' ಎಂಬ ಮಾತನ್ನು ಸೀರೆಯ ಮೇಲೆ ಹಾಕಬೇಡ. ಆಧಾರವಿಲ್ಲದೆ ಹಾಗೆ ಹೇಳಿಕೊಳ್ಳುವುದರ ವಿರುದ್ಧ 2024ರ ಅಕ್ಟೋಬರಿನಿಂದ ಕೇಂದ್ರದ ಮಾರ್ಗಸೂಚಿಯೇ ಇದೆ.

ಉಡುಗೊರೆಯ ಆರ್ಡರಿಗೆ ಬುಟ್ಟಿ ಕೇಳಿದರೆ ಮಲೆ ಮಹದೇಶ್ವರ ಬೆಟ್ಟದ ಕಡೆ ವಿಚಾರಿಸು. ಕಾಡನ್ನು ನುಂಗುತ್ತಿರುವ ಲಂಟಾನವನ್ನು ಕಡಿದು ಪೀಠೋಪಕರಣ, ಬುಟ್ಟಿ ಮಾಡುವುದನ್ನು ಏಟ್ರೀ ಸಂಸ್ಥೆ ಅಲ್ಲಿಯವರಿಗೆ ಕಲಿಸಿದೆ. ಬೆಟ್ಟದ ರಸ್ತೆ ನಿನ್ನ ಊರಿನ ಮುಂದೆಯೇ ಹೋಗುತ್ತದೆ.

ಕಳಿಸುವ ದಾರಿಯ ಬಗ್ಗೆಯೂ ಕೇಳಿದ್ದೀಯ. ಒಂದೊಂದು ಪಾರ್ಸೆಲ್ಲಿಗೂ ಕೊಳ್ಳೇಗಾಲಕ್ಕೆ ಬೈಕು ಓಡಿಸಬೇಡ. ವಾರಕ್ಕೆ ಎರಡು ದಿನ ಗೊತ್ತುಮಾಡಿ ಒಟ್ಟಿಗೆ ಒಯ್ಯು, ಆ ದಿನಗಳನ್ನು ಗಿರಾಕಿಗಳಿಗೂ ತಿಳಿಸು. ಮದುವೆ ದೂರವಿದ್ದವರಿಗೆ ವಿಮಾನದ ಅವಸರ ಯಾಕೆ? ಅದೇ ತೂಕಕ್ಕೆ ಅದೇ ದೂರಕ್ಕೆ ವಿಮಾನದ ಹೊಗೆ ರೈಲಿನದಕ್ಕಿಂತ ಹತ್ತಾರು ಪಟ್ಟು. ಮೈಸೂರು, ಬೆಂಗಳೂರಿನ ಆರ್ಡರುಗಳಿಗೆ ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೊ' ಇದೆ, 2021ರಲ್ಲಿ ಶುರುವಾದದ್ದು. ಬಸ್ಸು ಹೇಗಿದ್ದರೂ ಹೋಗುತ್ತದೆ, ನಿನ್ನ ಸೀರೆಗೆಂದು ಬೇರೆ ಗಾಡಿ ಹೊರಡಬೇಕಿಲ್ಲ. ಕೊಳ್ಳೇಗಾಲದ ನಿಲ್ದಾಣದಲ್ಲಿ ದರ ಕೇಳಿಕೊಂಡು ನನಗೂ ಬರೆ, ಹಬ್ಬಕ್ಕೆ ನನಗೊಂದು ಸೀರೆ ಬೇಕು. ಯಾವ ಬಣ್ಣ ಅನ್ನುವುದನ್ನು ನಿನ್ನ ವಿಡಿಯೊ ನೋಡಿಯೇ ಹೇಳುತ್ತೇನೆ.

ಇಂತಿ ನಿನ್ನ
ಅಕ್ಕ